ಒಂದು ಹನಿ ರಕ್ತ, 75 ವರ್ಷದ ಕಡತ

ಡಿಎನ್‌ಎ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಸಿಕ್ಕಿಬಿದ್ದ ಕೊಲೆಗಾರ. ಆದರೆ ಕೊಲೆ ತನಿಖೆಗೆ ಕಾಲಿಟ್ಟಾಗ ಅದು ಮೊದಲು ಮಾಡಿದ ಕೆಲಸ ಒಬ್ಬ ಅಮಾಯಕನನ್ನು ಬಿಡಿಸಿದ್ದು. ಇದನ್ನು ನಾವು ಮರೆತೇಬಿಟ್ಟಿದ್ದೇವೆ.

ಇಂಗ್ಲೆಂಡಿನ ಲೆಸ್ಟರ್ ಪಕ್ಕದ ಹಳ್ಳಿಗಳು. 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಇಬ್ಬರೂ 15 ವರ್ಷದ ಹುಡುಗಿಯರು, ಅತ್ಯಾಚಾರವಾಗಿ ಕೊಲೆಯಾದರು. ಪೊಲೀಸರು 17 ವರ್ಷದ ಹುಡುಗನೊಬ್ಬನನ್ನು ಹಿಡಿದರು. ಎರಡನೇ ಕೊಲೆ ನಾನೇ ಮಾಡಿದ್ದು ಅಂತ ಅವನು ಒಪ್ಪಿಕೊಂಡೂಬಿಟ್ಟ! ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಪರೀಕ್ಷಿಸಿ ನೋಡಿದರೆ ಎರಡೂ ಕೊಲೆಯ ಹಿಂದೆ ಒಬ್ಬನೇ ಇದ್ದಾನೆ, ಆದರೆ ಈ ಹುಡುಗ ಅಲ್ಲ. ಠಾಣೆಯಲ್ಲಿ ಕೊಡುವ ತಪ್ಪೊಪ್ಪಿಗೆಗೆ ಎಷ್ಟು ಬೆಲೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ?

ಮುಂದೆ ಸುತ್ತಲಿನ ಸುಮಾರು 5,000 ಗಂಡಸರು ರಕ್ತ ಕೊಟ್ಟರು. ಅಸಲಿ ಕೊಲೆಗಾರ ತನ್ನ ಬದಲು ಸಹೋದ್ಯೋಗಿಯನ್ನು ಕಳಿಸಿ ಪಾರಾಗಿದ್ದ. ಆ ಸಹೋದ್ಯೋಗಿ ಪಬ್‌ನಲ್ಲಿ ಬಾಯಿಬಿಟ್ಟ ಮಾತು ಪೊಲೀಸರ ಕಿವಿಗೆ ಬಿತ್ತು. 1988ರಲ್ಲಿ ಕೊಲೆಗಾರನಿಗೆ ಜೀವಾವಧಿ ಶಿಕ್ಷೆಯಾಯಿತು. ವಿಜ್ಞಾನದ ಜೊತೆ ಹಳೇ ಕಾಲದ ಪುಕಾರೂ ಕೆಲಸ ಮಾಡಿತು ಅನ್ನಿ.

ಅಲ್ಲಿಂದ ಆಸೆ ಬೆಳೆಯಿತು. 1995ರಲ್ಲಿ ಬ್ರಿಟನ್ ರಾಷ್ಟ್ರೀಯ ಡಿಎನ್‌ಎ ಸಂಗ್ರಹ ಶುರುಮಾಡಿತು. 2001ರ ಕಾನೂನು, ಖುಲಾಸೆಯಾದವರ ಮಾದರಿಯನ್ನೂ ಇಟ್ಟುಕೊಳ್ಳಬಹುದು ಎಂದಿತು. ದರೋಡೆ ಯತ್ನದ ಆರೋಪದಲ್ಲಿ ಬಂಧನವಾದ 11 ವರ್ಷದ ಹುಡುಗನೊಬ್ಬ ಖುಲಾಸೆಯಾದ. ಅವನ ಡಿಎನ್‌ಎ ಮಾತ್ರ ಪೊಲೀಸರ ಬಳಿಯೇ ಉಳಿಯಿತು. 2008ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯದ 17 ನ್ಯಾಯಮೂರ್ತಿಗಳು ಒಮ್ಮತದಿಂದ ಇದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದರು. ಐದು ವರ್ಷದ ನಂತರ ಅಮೆರಿಕದ ಸುಪ್ರೀಂ ಕೋರ್ಟ್, ಗಂಭೀರ ಅಪರಾಧದಲ್ಲಿ ಬಂಧಿತನಾದವನ ಕೆನ್ನೆಯ ಒಳಗಿಂದ ಮಾದರಿ ತೆಗೆಯೋದು ಬೆರಳಚ್ಚು ಪಡೆದಂತೆ ಅಷ್ಟೇ ಎಂದಿತು, ಅದೂ 5-4ರಲ್ಲಿ. ಬೆರಳಚ್ಚಿಗೂ ಡಿಎನ್‌ಎಗೂ ವ್ಯತ್ಯಾಸವೇ ಇಲ್ಲವೇ? ಬೆರಳಚ್ಚು ನೀವು ಯಾರು ಅಂತ ಮಾತ್ರ ಹೇಳುತ್ತೆ. ರಕ್ತದ ಮಾದರಿಯಲ್ಲಿ ನಿಮ್ಮ ಅಪ್ಪ ಯಾರು, ಮಗಳು ಯಾರು, ಮನೆತನಕ್ಕೆ ಯಾವ ಕಾಯಿಲೆ ಅನ್ನೋದೂ ಇರುತ್ತೆ.

ಇನ್ನು ನಮ್ಮ ಕಥೆ. 1920ರ ಬ್ರಿಟಿಷ್ ಕಾಯ್ದೆ ಕೇಳಿದ್ದು ಬೆರಳಚ್ಚು, ಪಾದದ ಗುರುತು, ಅಳತೆ, ಫೋಟೋ. 1961ರಲ್ಲಿ ಸುಪ್ರೀಂ ಕೋರ್ಟ್‌ನ 11 ನ್ಯಾಯಮೂರ್ತಿಗಳ ಪೀಠ, ಬೆರಳಚ್ಚು ಕೊಡೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಅಲ್ಲ ಎಂದಿತು. 2010ರ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂಬ ತೀರ್ಪು ಬಂತು. ಮನಸ್ಸಿಗೆ ಬೇಲಿ ಹಾಕಿದ ಅದೇ ತೀರ್ಪು ರಕ್ತಕ್ಕೆ ಹಾಕಲಿಲ್ಲ.

ಖಾಸಗಿತನಕ್ಕಾಗಿ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದೂ 80 ದಾಟಿದ ವಯಸ್ಸಿನಲ್ಲಿ. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಅದು ಮೂಲಭೂತ ಹಕ್ಕು ಎಂದರು. ಸರ್ಕಾರ ಅದರೊಳಗೆ ಕೈಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಚಾಚಬೇಕು.

ಐದೇ ವರ್ಷಕ್ಕೆ, 2022ರಲ್ಲಿ, ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬಂತು. ಕಣ್ಣಿನ ಪಾಪೆಯ ಜೊತೆಗೆ ಜೈವಿಕ ಮಾದರಿಯೂ ಪಟ್ಟಿಗೆ ಸೇರಿತು. ದಾಖಲೆ ಉಳಿಯೋದು 75 ವರ್ಷ. ಸಣ್ಣಪುಟ್ಟ ಕೇಸಿನಲ್ಲಿ ಬಂಧಿತನಾದವನು ಜೈವಿಕ ಮಾದರಿ ಕೊಡಲ್ಲ ಅನ್ನಬಹುದು. ಮಹಿಳೆ ಅಥವಾ ಮಗುವಿನ ಮೇಲಿನ ಅಪರಾಧ, ಇಲ್ಲವೇ 7 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಕೇಸಾದರೆ ಆ ಆಯ್ಕೆ ಇಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ ಠಾಣೆಯ ಬೆಂಚಿನ ಮೇಲೆ ಕೂತವನಿಗೆ ಈ ವಿನಾಯಿತಿ ಇದೆ ಅಂತ ಹೇಳೋರು ಯಾರು ಸ್ವಾಮಿ?

ಹಿಂದೆ ಶಿಕ್ಷೆಯಾಗದವನು ಖುಲಾಸೆಯಾದರೆ ದಾಖಲೆ ನಾಶ ಮಾಡಬೇಕು, ಕೋರ್ಟು ಬೇಡ ಎನ್ನದಿದ್ದರೆ. ನಿಜ, ಕಾಯ್ದೆಯಲ್ಲೇ ಇದೆ. ಅದೂ ಎಲ್ಲ ಕಾನೂನು ಮಾರ್ಗಗಳು ಮುಗಿದ ಮೇಲೆ. ಕೆಳಕೋರ್ಟು, ಹೈಕೋರ್ಟು, ಸುಪ್ರೀಂ ಕೋರ್ಟು ಸುತ್ತಿ ಬರುವಷ್ಟರಲ್ಲಿ ಆ ಮನುಷ್ಯನ ತಲೆ ನೆರೆತಿರುತ್ತೆ. ಆಮೇಲೆ ತನ್ನ ಗುರುತು ಅಳಿಸಿ ಅಂತ ನೋಡಲ್ ಅಧಿಕಾರಿಯ ಮುಂದೆ ಕೋರಿಕೆ ಹಿಡಿದು ನಿಲ್ಲಬೇಕಾದವನೂ ಅವನೇ.