ಎಕ್ಸ್‌ಎಂಎಲ್ ಪ್ರತಿಗಳ ಸಮಾನತ್ವ ನಿರ್ಣಯ

ಎರಡು ಓಲೆಪ್ರತಿಗಳಲ್ಲಿ ಸಾಲುಗಳ ವಿಭಾಗ ಭಿನ್ನವಾದ ಮಾತ್ರಕ್ಕೆ ಪಾಠವೇ ಭಿನ್ನವೆಂದು ಸಂಪಾದಕರು ಹೇಳುವುದಿಲ್ಲ. ಗಣಕಯಂತ್ರದ ಪ್ರತಿಗಳಿಗೂ ಈ ವಿವೇಕ ಅವಶ್ಯವಾಯಿತು.

ಪಠ್ಯದ ಭಾಗಗಳನ್ನು ಟ್ಯಾಗ್ ಎಂಬ ಗುರುತುಗಳ ನಡುವೆ ಇರಿಸುವ ಎಕ್ಸ್‌ಎಂಎಲ್ ಪದ್ಧತಿಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ 1998ರ ಫೆಬ್ರವರಿ 10ರಂದು ಅಂಗೀಕರಿಸಿತು. ಗ್ರಂಥಸಂಪಾದನೆಯಲ್ಲಿ ಬಳಕೆಯಲ್ಲಿರುವ ಟಿಇಐ ನಿಯಮಾವಳಿಯೂ 2002ರಲ್ಲಿ ಇದನ್ನು ಸ್ವೀಕರಿಸಿತು. ಟ್ಯಾಗಿನೊಳಗಿನ ವಿಶೇಷಣಗಳನ್ನು ಯಾವ ಕ್ರಮದಲ್ಲಿ ಬರೆದರೂ ಅರ್ಥವೊಂದೇ. ಆದರೆ ಅಕ್ಷರಶಃ ಹೋಲಿಸಿದಾಗ ಭೇದ ತೋರುವುದು. ಒಂದಕ್ಷರ ಬದಲಾದರೂ ಅಸಿಂಧುವಾಗುವ ಅಂಕೀಯ ಸಹಿಗೆ ಇದು ದೊಡ್ಡ ತೊಡಕಾಯಿತು. ಅದರ ಪರಿಹಾರಕ್ಕಾಗಿ 2001ರ ಮಾರ್ಚ್ 15ರಂದು ‘ಕೆನಾನಿಕಲ್ ಎಕ್ಸ್‌ಎಂಎಲ್’ ಎಂಬ ನಿಯತರೂಪವು ಪ್ರಕಟವಾಯಿತು. ಅದು ವಿಶೇಷಣಗಳನ್ನು ನಿಶ್ಚಿತ ಕ್ರಮದಲ್ಲಿ ಜೋಡಿಸುತ್ತದೆ; ಬರಿದಾದ ಟ್ಯಾಗನ್ನು ಆರಂಭ-ಅಂತ್ಯಗಳ ಜೋಡಿಯಾಗಿ ಬಿಡಿಸುತ್ತದೆ; ಎಲ್ಲವನ್ನೂ ಯುಟಿಎಫ್-8 ಸಂಕೇತದಲ್ಲಿ ಬರೆಯುತ್ತದೆ. ಆ ಬಳಿಕ ಎರಡನ್ನೂ ಹೋಲಿಸಬೇಕು.

ಆದರೂ ಭೇದ ಕಂಡಲ್ಲೆಲ್ಲ ಪಾಠಾಂತರವಿದೆಯೆಂದು ತಿಳಿಯಲಾಗದು. ಪಠ್ಯದೊಳಗಿನ ಖಾಲಿ ಜಾಗಗಳನ್ನು ನಿಯತರೂಪವು ಹಾಗೆಯೇ ಉಳಿಸುತ್ತದೆ. ‘ಕೊ’ ಎಂಬಲ್ಲಿಯ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಇವೆರಡರ ಜೋಡಿಯಾಗಿಯೂ ಬರೆಯಬಹುದು. ಯುನಿಕೋಡ್ ಇವನ್ನು ಸಮಾನವೆಂದು ಗಣಿಸಿದರೂ ನಿಯತರೂಪವು ಒಂದುಗೂಡಿಸುವುದಿಲ್ಲ.

ಆದುದರಿಂದ ಕನ್ನಡ ಪ್ರತಿಗಳನ್ನು ಹೋಲಿಸುವ ಮುನ್ನ ಅಕ್ಷರಸಂಕೇತಗಳನ್ನು ಏಕರೂಪಕ್ಕೆ ತರುವುದು ಸಂಪಾದಕನ ಕರ್ತವ್ಯ. ಇಲ್ಲವಾದರೆ ಯಾವ ಲಿಪಿಕಾರನೂ ಬರೆಯದ ಪಾಠಾಂತರಗಳು ಅಡಿಟಿಪ್ಪಣಿಯಲ್ಲಿ ಸೇರಿಯಾವು.