ಚಿಮಟ, ರೇಜರ್, ಲೇಸರ್: ಲಿಂಗತ್ವ ಪರಿವರ್ತನೆಯಲ್ಲಿ ಮುಖದ ಕೂದಲಿನ ಪ್ರಶ್ನೆ

ಲಿಂಗತ್ವ ಪರಿವರ್ತನೆಯ ಬಗ್ಗೆ ಈಚೆಗೆ ನಡೆಯುತ್ತಿರುವ ಚರ್ಚೆಯಲ್ಲಿ ಶಸ್ತ್ರಚಿಕಿತ್ಸೆಗೆ, ಗುರುತಿನ ಚೀಟಿಗೆ, ಮೀಸಲಾತಿಗೆ ಸಿಕ್ಕಿರುವ ಜಾಗ ಗಡ್ಡಕ್ಕೆ ಸಿಕ್ಕಿಲ್ಲ. ಶಸ್ತ್ರಚಿಕಿತ್ಸೆ ಬದುಕಿನಲ್ಲಿ ಒಮ್ಮೆ ಆಗುವಂಥದ್ದು, ಎಷ್ಟೋ ಜನರಿಗೆ ಆಗದೆಯೇ ಹೋಗುವಂಥದ್ದು. ಗಡ್ಡ ಹಾಗಲ್ಲ, ದಿನ ಬೆಳಗಾದರೆ ಕನ್ನಡಿಯಲ್ಲಿ ಎದುರಾಗುತ್ತದೆ. ಆದರೂ ಕೂದಲು ತೆಗೆಸುವ ವಿಚಾರವನ್ನು ನಾವು ಬ್ಯೂಟಿ ಪಾರ್ಲರಿನ ಖಾತೆಗೆ ಬರೆದು ಕೈತೊಳೆದುಕೊಂಡಿದ್ದೇವೆ. ಟ್ರಾನ್ಸ್ ಮಹಿಳೆಯರ ಮಟ್ಟಿಗೆ ಅದು ಪರಿವರ್ತನೆಯ ನಡುಭಾಗದಲ್ಲೇ ಬರುವ ಆರೋಗ್ಯದ ಪ್ರಶ್ನೆ ಎಂಬುದು ಈ ಲೇಖನದ ವಾದ. ಹಿಜ್ರಾ ಮನೆಗಳ ಚಿಮಟಕ್ಕೂ ಚರ್ಮರೋಗ ಚಿಕಿತ್ಸಾಲಯದ ಲೇಸರಿಗೂ ನಡುವೆ ಯಾರೂ ಬಿಡಿಸದ ಒಂದು ತೊಡಕಿದೆ, ಅದನ್ನೂ ಇಲ್ಲಿ ಬಿಚ್ಚಿ ನೋಡಬೇಕಾಗಿದೆ.

ಗಡ್ಡಮೀಸೆಯನ್ನು ಲಿಂಗದ ಗುರುತಾಗಿ ಕನ್ನಡ ಬಹಳ ಹಿಂದೆಯೇ ಪ್ರಶ್ನಿಸಿದೆ. ಜೇಡರ ದಾಸಿಮಯ್ಯ ತನ್ನ ಪ್ರಸಿದ್ಧ ವಚನವೊಂದರಲ್ಲಿ ಜನ ಹೆಣ್ಣು ಗಂಡೆಂದು ತೀರ್ಮಾನಿಸುವುದು ಮೊಲೆಮುಡಿ, ಗಡ್ಡಮೀಸೆಗಳ ಗುರುತಿನಿಂದ ಎಂದು ಹೇಳಿ, ‘ನಡುವೆ ಸುಳಿವ’ ಆತ್ಮವನ್ನು ಆ ಎರಡರ ಆಚೆಗೆ ಇಡುತ್ತಾನೆ. ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯವರ ಬದುಕಿನ ಕಥನಕ್ಕೆ ಅರುಣ್ ಜೋಳದಕೂಡ್ಲಿಗಿಯವರು ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರಿಟ್ಟದ್ದು ಅದೇ ನೆನಪಿನಲ್ಲಿ. ನಮ್ಮ ವ್ಯಾಖ್ಯಾನಕಾರರಿಗೆ ವಚನದ ಕೊನೆಯ ಭಾಗವೇ, ಆತ್ಮದ ಮಾತೇ, ಹೆಚ್ಚು ಪ್ರಿಯ. ನನಗೆ ಮೊದಲರ್ಧ ಮುಖ್ಯವಾಗಿ ಕಾಣುತ್ತದೆ. ತೀರ್ಪು ಕೊಡುವವರು ಬೇರೆಯವರು, ಕೊಡುವುದು ಕೂದಲು ನೋಡಿ. ಸೂಸನ್ ಕೆಸ್ಲರ್ ಮತ್ತು ವೆಂಡಿ ಮೆಕೆನ್ನಾ ಎಂಬ ಅಮೆರಿಕದ ಇಬ್ಬರು ಸಂಶೋಧಕಿಯರು 1978ರ ತಮ್ಮ ಪುಸ್ತಕದಲ್ಲಿ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸಿದರು. ನೋಡುವವರ ಕಣ್ಣಿಗೆ ಎರಡೂ ಬಗೆಯ ಗುರುತುಗಳು ಸಮಾನ ತೂಕದವಲ್ಲ. ಗಂಡಿನದೆನಿಸಿದ ಒಂದು ಗುರುತು ಸಿಕ್ಕರೂ ಹೆಣ್ಣಿನ ಹತ್ತು ಗುರುತುಗಳು ಬಿದ್ದುಹೋಗುತ್ತವೆ. ಸೀರೆ, ಬಳೆ, ಕುಂಕುಮ, ಮುಡಿ ಎಲ್ಲ ಇದ್ದೂ ಗದ್ದದ ಮೇಲಿನ ಹಸಿರು ಛಾಯೆಯೊಂದೇ ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ಎಬ್ಬಿಸಿಬಿಡುವುದು ಇದರಿಂದಲೇ.

ಹಾರ್ಮೋನು ಎಲ್ಲಿ ಸೋಲುತ್ತದೆ

ಹಾರ್ಮೋನು ಶುರುಮಾಡಿದರೆ ಗಡ್ಡ ತಾನಾಗಿ ಉದುರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಹದಿಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಪ್ರಭಾವದಿಂದ ಮುಖದ ನವಿರು ಕೂದಲಿನ ಬುಡ ಗಡಸು ಕೂದಲಿನ ಬುಡವಾಗಿ ಮಾರ್ಪಡುತ್ತದೆ. ಹಾಗೆ ಮಾರ್ಪಟ್ಟ ಬುಡ ಟೆಸ್ಟೋಸ್ಟೆರಾನ್ ಇಳಿದಾಕ್ಷಣ ಹಿಂದಕ್ಕೆ ಹೋಗುವುದಿಲ್ಲ. ಈಸ್ಟ್ರೋಜನ್ ಮತ್ತು ಆಂಡ್ರೋಜನ್ ತಡೆಯುವ ಔಷಧಿಗಳಿಂದ ಎದೆ, ಹೊಟ್ಟೆ, ಕೈಕಾಲುಗಳ ಕೂದಲು ತೆಳುವಾಗುವುದು ನಿಜ. ಹಾರ್ಮೋನು ತಜ್ಞರ ಸಂಸ್ಥೆಯಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯ ಪ್ರಕಾರ ಈ ಬದಲಾವಣೆ 6ರಿಂದ 12 ತಿಂಗಳಲ್ಲಿ ಕಾಣತೊಡಗಿ, ಪೂರ್ಣವಾಗಲು 3 ವರ್ಷಕ್ಕೂ ಹೆಚ್ಚು ಬೇಕು. ಗಡ್ಡದ ಬೆಳವಣಿಗೆ ಕೊಂಚ ನಿಧಾನವಾಗಬಹುದು, ನಿಲ್ಲುವುದಿಲ್ಲ. ಟ್ರಾನ್ಸ್ ಪುರುಷರ ಕಥೆ ಇದರ ತಿರುವುಮುರುವು: ಟೆಸ್ಟೋಸ್ಟೆರಾನ್ ಪಡೆಯತೊಡಗಿದ ಮೇಲೆ ತುಂಬುಗಡ್ಡಕ್ಕೆ ನಾಲ್ಕೈದು ವರ್ಷ ಕಾಯಬೇಕಾಗುತ್ತದೆ, ಬಂದ ಮೇಲೆ ಔಷಧಿ ನಿಲ್ಲಿಸಿದರೂ ಅದು ಬಹುಮಟ್ಟಿಗೆ ಉಳಿಯುತ್ತದೆ.

ಕ್ಷೌರ ಮಾಡಿದರೆ ಕೂದಲು ಒತ್ತಾಗಿ ಬರುತ್ತದೆ ಎಂಬುದು ಇನ್ನೊಂದು ಹಳೆಯ ಮಾತು. ಅಂಗರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ ಅದನ್ನು ತಳ್ಳಿಹಾಕಿದ್ದರು. ಕತ್ತರಿಸಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ. ನಮ್ಮ ಅಡುಗೆಮನೆಗಳ ಅರಿಶಿನ, ಕಡಲೆಹಿಟ್ಟು ಚರ್ಮಕ್ಕೆ ಹಿತವಾಗಿರಬಹುದು, ಗಡಸು ಕೂದಲಿನ ಬುಡಕ್ಕೆ ಅವು ಏನೂ ಮಾಡವು.

ಚಿಮಟದ ಮನೆ

ಹಿಜ್ರಾ ಸಮುದಾಯದಲ್ಲಿ ಗಡ್ಡವನ್ನು ಬೋಳಿಸುವುದಿಲ್ಲ, ಕೀಳುತ್ತಾರೆ. ಮಾನವಶಾಸ್ತ್ರಜ್ಞೆ ಸೆರೆನಾ ನಂದಾ ಅವರ 1990ರ ಅಧ್ಯಯನವೂ ಹೈದರಾಬಾದಿನ ಹಿಜ್ರಾಗಳ ಬಗ್ಗೆ ಗಾಯತ್ರಿ ರೆಡ್ಡಿ 2005ರಲ್ಲಿ ಪ್ರಕಟಿಸಿದ ಗ್ರಂಥವೂ ಇದನ್ನು ದಾಖಲಿಸಿವೆ. ನಿರ್ವಾಣದ, ಅಂದರೆ ಜನನಾಂಗ ತೆಗೆಸುವ ದೀಕ್ಷಾವಿಧಿಯ, ನಂತರದ ನಲವತ್ತು ದಿನ ಮುಖದ ಕೂದಲನ್ನು ಬೆಳೆಯಲು ಬಿಟ್ಟು, ಕೊನೆಯಲ್ಲಿ ಕಿತ್ತು, ಅರಿಶಿನ ಹಚ್ಚಿ, ಮದುಮಗಳಂತೆ ಸಿಂಗರಿಸುವ ಆಚರಣೆಯನ್ನು ನಂದಾ ವಿವರಿಸುತ್ತಾರೆ. ಅಂದರೆ ಕೂದಲು ಕೀಳುವುದು ಅಲ್ಲಿ ದಿನದ ಕೆಲಸವೂ ಹೌದು, ದೀಕ್ಷೆಯ ಅಂಗವೂ ಹೌದು. ರೇಜರ್ ಗಂಡಸರ ಸಾಮಾನು. ಅದನ್ನು ಹಿಡಿದವಳ ಹೆಣ್ತನದ ಬಗ್ಗೆ ಮನೆಯವರಿಗೇ ಅನುಮಾನ ಬರಬಹುದು.

ಈ ಕಟ್ಟಳೆಗೆ ಒಂದು ತಾಂತ್ರಿಕ ಕಾರಣವೂ ಇದೆ. ಬೋಳಿಸಿದಾಗ ಕೂದಲು ಚರ್ಮದ ಮಟ್ಟಕ್ಕೆ ತುಂಡಾಗುತ್ತದೆ, ಒಳಗೆ ಉಳಿದ ಕಪ್ಪು ಮೋಟು ಹೊರಗೆ ನೀಲಿ-ಹಸಿರಾಗಿ ಕಾಣುತ್ತದೆ. ಕಿತ್ತಾಗ ಬುಡಸಮೇತ ಬರುವುದರಿಂದ ಛಾಯೆ ಇರುವುದಿಲ್ಲ, ಮತ್ತೆ ಮೇಲೆ ಬರಲು ವಾರಗಳು ಬೇಕು. ಬಿಸಿಲು ಬೀಳುವ ಕಡೆ ಕನ್ನಡಿ ಇಟ್ಟುಕೊಂಡು, ನಾಲಿಗೆಯಿಂದ ಕೆನ್ನೆಯನ್ನು ಒಳಗಿನಿಂದ ಉಬ್ಬಿಸಿ, ಜಾರದಂತೆ ಒಂದಿಷ್ಟು ಪೌಡರ್ ಸವರಿ, ಕೂದಲು ವಾಲಿದ ದಿಕ್ಕಿಗೇ ಎಳೆಯುವುದು ಕಲಿತು ಬರುವ ಕೈಚಳಕ. ದಿಕ್ಕು ತಪ್ಪಿ ಎಳೆದರೆ ಕೂದಲು ನಡುವೆ ತುಂಡಾಗಿ ಚರ್ಮದೊಳಗೇ ಸುರುಳಿ ಸುತ್ತಿಕೊಂಡು ಕೀವುಗುಳ್ಳೆಯಾಗುತ್ತದೆ. ಕಂದು ಮೈಬಣ್ಣದವರಲ್ಲಿ ಇಂಥ ಗುಳ್ಳೆ ಆರಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಸಿರು ಛಾಯೆಯಿಂದ ಪಾರಾಗಲು ಹೋದವರ ಗದ್ದದ ಮೇಲೆ ಕಪ್ಪು ಕಲೆಗಳ ಸಾಲು. ಅದನ್ನು ಮುಚ್ಚಲು ದಪ್ಪ ಮೇಕಪ್, ಮೇಕಪ್ಪಿನಿಂದ ಮತ್ತೆ ಗುಳ್ಳೆ.

ಮೇಕಪ್ಪಿನ ಮಾತು ಬಂದದ್ದರಿಂದ ಒಂದು ವಿವರ. ಛಾಯೆಯ ಮೇಲೆ ನೇರವಾಗಿ ಫೌಂಡೇಶನ್ ಹಚ್ಚಿದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ. ಮೊದಲು ಕಿತ್ತಳೆ ಬಣ್ಣದ ಕರೆಕ್ಟರನ್ನೋ ಕೆಂಪು ಲಿಪ್‌ಸ್ಟಿಕ್ಕನ್ನೋ ತೀರ ತೆಳುವಾಗಿ ತಟ್ಟಿದರೆ ಅದು ನೀಲಿ-ಹಸಿರನ್ನು ಕೊಲ್ಲುತ್ತದೆ, ಫೌಂಡೇಶನ್ ಅದರ ಮೇಲೆ.

ಲೇಸರಿನ ಷರತ್ತು

ಲೇಸರ್ ಕೆಲಸ ಮಾಡುವ ತತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮಂಡಿಸಿದರು. ನಿರ್ದಿಷ್ಟ ತರಂಗಾಂತರದ ಬೆಳಕನ್ನು ಕೂದಲಿನ ಕಪ್ಪುಬಣ್ಣ, ಅಂದರೆ ಮೆಲನಿನ್, ಹೀರಿಕೊಂಡು ಕಾಯುತ್ತದೆ, ಆ ಕಾವು ಬುಡವನ್ನು ಸುಡುತ್ತದೆ. ತೊಂದರೆ ಇರುವುದು ಇಲ್ಲೇ, ಮೆಲನಿನ್ ನಮ್ಮ ಚರ್ಮದಲ್ಲೂ ಇದೆ. ಬಿಳಿ ಚರ್ಮಕ್ಕೆ ಹೊಂದಿಸಿದ ಅಳತೆಯಲ್ಲಿ ಕಂದು ಮುಖಕ್ಕೆ ಲೇಸರ್ ಹೊಡೆದರೆ ಸುಟ್ಟ ಗಾಯ, ಬಿಳಿ ಅಥವಾ ಕಪ್ಪು ಕಲೆಯ ಅಪಾಯ ಹೆಚ್ಚು. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಮೇಲ್ಪದರವನ್ನು ದಾಟಿ ಆಳಕ್ಕಿಳಿಯುವುದರಿಂದ ಗಾಢ ಮೈಬಣ್ಣಕ್ಕೆ ಹೆಚ್ಚು ಸುರಕ್ಷಿತ. ಚರ್ಮವನ್ನು ತಂಪುಮಾಡುತ್ತ ಬಳಸುವ ಡಯೋಡ್ ಲೇಸರ್ ಕೂಡ ನಡೆಯುತ್ತದೆ. ಯಾವ ಯಂತ್ರ, ಎಷ್ಟು ತರಂಗಾಂತರ, ಕಿವಿಯ ಕೆಳಗೆ ಒಂದು ಚೂರು ಜಾಗದಲ್ಲಿ ಮೊದಲು ಪರೀಕ್ಷಿಸುತ್ತೀರಾ ಎಂದು ಕೇಳುವ ಹಕ್ಕು ಚಿಕಿತ್ಸೆಗೆ ಹೋದವರಿಗಿದೆ, ಕೇಳಲೇಬೇಕು. ಬೆಳವಣಿಗೆಯ ಹಂತದಲ್ಲಿರುವ ಕೂದಲಿಗಷ್ಟೇ ಪೆಟ್ಟು ಬೀಳುವುದರಿಂದ ನಾಲ್ಕಾರು ವಾರಗಳ ಅಂತರದಲ್ಲಿ ಹಲವು ಸಲ ಮಾಡಿಸಬೇಕು. ಒತ್ತಾದ ಗಡ್ಡಕ್ಕೆ, ಅದರಲ್ಲೂ ಮೇಲ್ದುಟಿಯ ಮೇಲೆ, ನೋವು ಕಡಿಮೆಯೇನಲ್ಲ. ಮರಗಟ್ಟಿಸುವ ಮುಲಾಮನ್ನು ವೈದ್ಯರು ಹೇಳಿದ ಅಳತೆಯಲ್ಲೇ ಹಚ್ಚಬೇಕು. ಚಿಕಿತ್ಸೆಯಾದ ಒಂದೆರಡು ವಾರ ಸುಟ್ಟ ಕೂದಲು ಮೇಲಕ್ಕೆ ಬಂದು ಉದುರುತ್ತದೆ, ಅದನ್ನು ಹೊಸ ಬೆಳವಣಿಗೆಯೆಂದು ತಿಳಿದು ಎದೆಗುಂದುವವರು ಬಹಳ.

ಈಗ ಆರಂಭದಲ್ಲಿ ಹೇಳಿದ ಆ ತೊಡಕು. ಲೇಸರಿಗೆ ಗುರಿ ಬೇಕು, ಗುರಿ ಎಂದರೆ ಬುಡದಲ್ಲಿ ನಿಂತ ಕೂದಲು. ಕಿತ್ತ ಜಾಗದಲ್ಲಿ ಗುರಿಯೇ ಇಲ್ಲ. ಅದಕ್ಕಾಗಿ ವೈದ್ಯರು ಚಿಕಿತ್ಸೆಗೆ ನಾಲ್ಕಾರು ವಾರ ಮೊದಲಿನಿಂದ ಕೀಳುವುದು, ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಎಲ್ಲ ಬಿಡಿ, ರೇಜರ್ ಮಾತ್ರ ಬಳಸಿ, ಹಿಂದಿನ ದಿನ ಬೋಳಿಸಿಕೊಂಡು ಬನ್ನಿ ಎನ್ನುತ್ತಾರೆ. ವೈದ್ಯಕೀಯವಾಗಿ ಸರಿಯಾದ ಸಲಹೆ. ಆದರೆ ಅದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟದ್ದು? ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡಬಲ್ಲವರಿಗೆ ಅದು ತಿಂಗಳುಗಳ ಕಿರಿಕಿರಿ. ಹಿಜ್ರಾ ಗುರುವಿನ ಮನೆಯಲ್ಲಿರುವ ಚೇಲಾಗೆ, ಅಂದರೆ ಶಿಷ್ಯೆಗೆ, ಹಾಗಲ್ಲ. ಮನೆಯ ಕಟ್ಟಳೆ ಚಿಮಟ ಎನ್ನುತ್ತದೆ, ಚಿಕಿತ್ಸಾಲಯ ರೇಜರ್ ಎನ್ನುತ್ತದೆ. ಅಂಗಡಿ ಬೀದಿಗೆ, ಮದುವೆ ಹೆರಿಗೆಯ ಮನೆಗಳಲ್ಲಿ ಹರಸಿ ಕಾಣಿಕೆ ಪಡೆಯುವ ಬಧಾಯಿಗೆ ಹೋದರೆ ಮುಖವೇ ಬಂಡವಾಳ. ಚಿಕಿತ್ಸೆ ಮುಗಿಯುವವರೆಗೂ ಛಾಯೆ ಹೊತ್ತು ತಿರುಗಿದರೆ ಗಳಿಕೆಯೂ ಕುಸಿಯುತ್ತದೆ, ಬೈಗುಳವೂ ಹೆಚ್ಚುತ್ತದೆ. ಗೆಲ್ಲುವುದು ಚಿಮಟವೇ. ಲೇಸರಿನ ಹಣ ಹೋಗುತ್ತದೆ, ಗಡ್ಡ ಉಳಿಯುತ್ತದೆ, ‘ಇವರು ಹೇಳಿದ್ದನ್ನು ಪಾಲಿಸುವುದಿಲ್ಲ’ ಎಂಬ ಟಿಪ್ಪಣಿ ಬೀಳುತ್ತದೆ. ಇಲ್ಲಿ ಸಲಹೆ ಕೊಡಬೇಕಾದದ್ದು ಒಬ್ಬರಿಗಲ್ಲ. ಗುರುವನ್ನೂ ಕೂರಿಸಿ ಈ ಕೆಲವು ತಿಂಗಳ ರೇಜರ್ ಚಿಕಿತ್ಸೆಯ ಭಾಗವೆಂದು ಹೇಳುವ ಆಪ್ತಸಮಾಲೋಚನೆ ಬೇಕು.

ವಿಶ್ವಾಸ ಯಾರ ಕೈಯಲ್ಲಿದೆ

ಪಾರ್ಲರುಗಳ ಜಾಹೀರಾತಿನಲ್ಲಿ ಆತ್ಮವಿಶ್ವಾಸವೆಂಬುದು ನುಣುಪು ಚರ್ಮದೊಂದಿಗೆ ಉಚಿತವಾಗಿ ಬರುವ ಕೊಡುಗೆ. ಸಂಶೋಧನೆಯೂ ಒಂದು ಮಟ್ಟಕ್ಕೆ ಅದನ್ನು ಒಪ್ಪುತ್ತದೆ. ಅಮೆರಿಕದ ಚರ್ಮರೋಗ ಪತ್ರಿಕೆಯೊಂದರಲ್ಲಿ 2016ರಲ್ಲಿ ಬಂದ ಸಮೀಕ್ಷೆಯಲ್ಲಿ ಟ್ರಾನ್ಸ್ ಮಹಿಳೆಯರು ಬದಲಾಗಲೇಬೇಕಾದದ್ದೆಂದು ಮುಖವನ್ನೇ ಮುಂದಿಟ್ಟಿದ್ದರು. 2019ರ ಇನ್ನೊಂದು ಅಧ್ಯಯನ ಕೂದಲು ನಿವಾರಣೆಯ ತೃಪ್ತಿಗೂ ಮಾನಸಿಕ ನೆಮ್ಮದಿಗೂ ನಂಟನ್ನು ಕಂಡಿತು. ಆದರೆ ವಿಶ್ವಾಸವನ್ನು ಒಬ್ಬರ ಮನಸ್ಸಿನೊಳಗಿನ ಸರಕೆಂದು ನೋಡಿದರೆ ಅರ್ಧ ಸತ್ಯವಷ್ಟೇ ಸಿಗುತ್ತದೆ. ಬೆಂಗಳೂರಿನ ಕೋಥಿ (ಹೆಣ್ತನದ ನಡೆನುಡಿಯವರು) ಮತ್ತು ಹಿಜ್ರಾ ಸಮುದಾಯದ ಮೇಲಾಗುತ್ತಿದ್ದ ದೌರ್ಜನ್ಯದ ಬಗ್ಗೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2003ರಲ್ಲಿ ತಂದ ವರದಿಯನ್ನೂ ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದ ಹಿಜ್ರಾ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನೂ ಓದಿದವರಿಗೆ, ಬೀದಿಯಲ್ಲಿ ಗುರುತು ಸಿಕ್ಕಿಬೀಳುವುದರ ಬೆಲೆ ಗೊತ್ತು. ಅಲ್ಲಿ ನುಣುಪು ಗದ್ದ ಅಲಂಕಾರಕ್ಕಿಂತ ಹೆಚ್ಚಾಗಿ ರಕ್ಷಣೆ. ಅಂಡಾಶಯ-ಹಾರ್ಮೋನಿನ ತೊಂದರೆಯಾದ ಪಿಸಿಓಎಸ್ ಇರುವ ಹೆಣ್ಣುಮಗಳ ಮುಖದಲ್ಲೂ ಇದೇ ಗಡಸು ಕೂದಲು ಬರುತ್ತದೆ, ಅದನ್ನು ಅಳೆಯಲು 1961ರಿಂದ ಫೆರಿಮನ್-ಗಾಲ್ವೆ ಮಾಪನವಿದೆ. ಆಕೆ ರೋಗಿ. ಪಕ್ಕದ ಕುರ್ಚಿಯಲ್ಲಿ ಕುಳಿತ ಟ್ರಾನ್ಸ್ ಮಹಿಳೆ ಶೋಕಿಗೆ ಬಂದವಳು! ಗಡ್ಡ ಇಟ್ಟುಕೊಂಡೇ ತನ್ನನ್ನು ಹೆಣ್ಣೆನ್ನುವವರಿಗೂ ಆ ಹಕ್ಕಿದೆ ಎಂಬುದನ್ನು ಇದೇ ಉಸಿರಿನಲ್ಲಿ ಹೇಳಬೇಕು.

ಕಾನೂನು ಈ ವಿಷಯದಲ್ಲಿ ಅರೆಮನಸ್ಸಿನದು. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯ 15ನೇ ಪ್ರಕರಣ ಸರ್ಕಾರ ಒದಗಿಸಬೇಕಾದ ವೈದ್ಯಕೀಯ ಸೌಲಭ್ಯವನ್ನು ಹೇಳುವಾಗ ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನನ್ನು ಮಾತ್ರ ಹೆಸರಿಸುತ್ತದೆ. ಅದೇ ಪ್ರಕರಣ ಮುಂದೆ ವಿಮೆಯ ಮಾತಿಗೆ ಬಂದಾಗ ಲೇಸರ್ ಚಿಕಿತ್ಸೆಯನ್ನೂ ಸೇರಿಸುತ್ತದೆ. ಖರ್ಚು ಭರಿಸಬೇಕೆಂದಿದೆ, ಯಂತ್ರ ಎಲ್ಲಿರಬೇಕೆಂದಿಲ್ಲ. 2022ರಲ್ಲಿ ಘೋಷಣೆಯಾದ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆಯ ಮಾತಾಡಿತು. ಟ್ರಾನ್ಸ್ ಆರೋಗ್ಯದ ಜಾಗತಿಕ ವೃತ್ತಿಸಂಸ್ಥೆ ಡಬ್ಲ್ಯುಪಾಥ್ ಅದೇ ವರ್ಷ ತನ್ನ ಎಂಟನೆಯ ಆವೃತ್ತಿಯ ಮಾನದಂಡಗಳಲ್ಲಿ ಮುಖ, ಮೈ ಮತ್ತು ಶಸ್ತ್ರಚಿಕಿತ್ಸೆಗೆ ಮುಂಚಿನ ಜನನಾಂಗ ಭಾಗದ ಕೂದಲು ನಿವಾರಣೆಯನ್ನು ವೈದ್ಯಕೀಯ ಅಗತ್ಯವೆಂದು ಗುರುತಿಸಿತು.

ಕಾಯ್ದೆಯಲ್ಲಿ ಲೇಸರ್ ಎಂದು ಬರೆದದ್ದರಲ್ಲೇ ಇನ್ನೊಂದು ಗುಂಪು ಹೊರಗುಳಿದಿದೆ. ವಯಸ್ಸಾಗಿ ಗಡ್ಡ ನರೆತವರ ಕೂದಲಿನಲ್ಲಿ ಮೆಲನಿನ್ ಇಲ್ಲ, ಲೇಸರಿಗೆ ಅದು ಕಾಣುವುದಿಲ್ಲ. ಅವರಿಗೆ ಉಳಿದಿರುವುದು ಎಲೆಕ್ಟ್ರಾಲಿಸಿಸ್. ಒಳಮುಖವಾಗಿ ಬೆಳೆದ ಕಣ್ರೆಪ್ಪೆ ತೆಗೆಯಲು ಸೇಂಟ್ ಲೂಯಿಸಿನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ 1875ರಲ್ಲಿ ಪ್ರಕಟಿಸಿದ ವಿಧಾನ ಅದು. ಒಂದೊಂದು ಬುಡಕ್ಕೂ ಸೂಜಿ ಇಳಿಸಿ ವಿದ್ಯುತ್ ಹರಿಸಬೇಕು, ನಿಧಾನ, ದುಬಾರಿ, ಆದರೆ ಕೂದಲಿನ ಬಣ್ಣ ಯಾವುದಿದ್ದರೂ ನಡೆಯುತ್ತದೆ. ಕುಟುಂಬದಿಂದ ಹೊರಬಿದ್ದು, ಕೈಯಲ್ಲಿ ನಾಲ್ಕು ಕಾಸಾಗುವ ಹೊತ್ತಿಗೆ ನಡುವಯಸ್ಸು ದಾಟಿದ ಹಿರಿಯರು ಈ ಸಮುದಾಯದಲ್ಲಿ ಕಡಿಮೆಯಿಲ್ಲ. ವಿಮೆಯ ಆ ಕಲಮು ಲೇಸರಿನ ಮುಂದೆ ಇತರೆ ಆರೋಗ್ಯ ಸಮಸ್ಯೆಗಳನ್ನೂ ಸೇರಿಸಿರುವುದರಿಂದ ಎಲೆಕ್ಟ್ರಾಲಿಸಿಸನ್ನು ಅದರಡಿ ಕೇಳಲು ಅಡ್ಡಿಯಿಲ್ಲ. ಹಾಗೆ ಕೇಳಬೇಕಾದರೆ ಜಿಲ್ಲಾಸ್ಪತ್ರೆಯ ಚರ್ಮರೋಗ ತಜ್ಞರು ತಮ್ಮ ಚೀಟಿಯಲ್ಲಿ ‘ಸೌಂದರ್ಯವರ್ಧಕ’ ಎಂದು ಬರೆಯುವುದನ್ನು ಮೊದಲು ನಿಲ್ಲಿಸಬೇಕಾಗುತ್ತದೆ.