ಶರದೃತುವಿನ ಕೊರವ ಮೀನುಗಾರಿಕೆ

ಶರದೃತುವಿನ ಕೊರವ ಮೀನುಗಾರಿಕೆ ಎಂದರೆ ಮುಂಗಾರು ಮಳೆ ಮುಗಿದು ನದಿಯ ನೀರು ಇಳಿದು ತಿಳಿಯಾಗುವ ಆಶ್ವಯುಜ ಮತ್ತು ಕಾರ್ತಿಕ ಮಾಸಗಳಲ್ಲಿ ಗಾಳ ಹಾಕಿ ಕೊರವ ಮೀನನ್ನು ಹಿಡಿಯುವುದು. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ ಗ್ರಾಮದ ಬಳಿ ಹರಿಯುವ ಮುಲ್ಲಾಮಾರಿ ನದಿ, ಅದು ಸೇರುವ ಕಾಗಿಣಾ ನದಿ ಹಾಗೂ ಇವೆರಡರ ನೀರನ್ನು ಪಡೆಯುವ ಭೀಮಾ ನದಿಯ ಕಣಿವೆಗೆ ಈ ಋತು ಚೆನ್ನಾಗಿ ಹೊಂದುತ್ತದೆ. ಮಳೆಗಾಲದಲ್ಲಿ ಮರಿಗಳನ್ನು ಕಾಯುವ ಕೊರವವನ್ನು ಬಿಟ್ಟು, ಮರಿಗಳು ಸ್ವತಂತ್ರವಾದ ಮೇಲೆ ಹಿಡಿಯುವುದರಿಂದ ಮೀನಿನ ಸಂತತಿಯೂ ಉಳಿಯುತ್ತದೆ.

ಹೆಸರುಗಳು

ಕೊರವ ಮೀನಿನ ವೈಜ್ಞಾನಿಕ ಹೆಸರು ಚನ್ನಾ ಸ್ಟ್ರಿಯೇಟಾ. ಜರ್ಮನಿಯ ವಿಜ್ಞಾನಿ ಬ್ಲಾಕ್ 1793ರಲ್ಲಿ ಇದನ್ನು ಮೊದಲು ವಿವರಿಸಿದನು. ತೆಲುಗಿನಲ್ಲಿ ಕೊರಮೀನು, ಮರಾಠಿಯಲ್ಲಿ ಮರಳ ಎಂಬ ಹೆಸರುಗಳಿವೆ. ಮಾರುಕಟ್ಟೆಯಲ್ಲಿ ಮರಲ್ ಎಂಬ ಹೆಸರೂ ಬಳಕೆಯಲ್ಲಿದೆ. ತಲೆಯು ಹಾವಿನ ತಲೆಯನ್ನು ಹೋಲುವುದರಿಂದ ಇಂಗ್ಲಿಷಿನಲ್ಲಿ ಈ ಕುಲದ ಮೀನುಗಳನ್ನು ಸ್ನೇಕ್‌ಹೆಡ್ ಎನ್ನುತ್ತಾರೆ. ನೆರೆಯ ತೆಲಂಗಾಣ ರಾಜ್ಯವು 2016ರಲ್ಲಿ ಇದನ್ನು ರಾಜ್ಯಮೀನು ಎಂದು ಘೋಷಿಸಿತು.

ಸ್ವಭಾವ

ಕೊರವವು ಬೇಟೆಯಾಡುವ ಮೀನು. ಸಣ್ಣ ಮೀನು, ಕಪ್ಪೆ ಮತ್ತು ಕೀಟಗಳು ಇದರ ಆಹಾರ. ಕಿವಿರಿನ ಮೇಲ್ಭಾಗದಲ್ಲಿರುವ ವಿಶೇಷ ಕೋಶದ ನೆರವಿನಿಂದ ಗಾಳಿಯನ್ನು ನೇರವಾಗಿ ಉಸಿರಾಡುತ್ತದೆ; ಅದಕ್ಕಾಗಿ ಆಗಾಗ ನೀರಿನ ಮೇಲಕ್ಕೆ ಬರಲೇಬೇಕು. ಬೇಸಿಗೆಯಲ್ಲಿ ಮಡುಗಳು ಬತ್ತಿದಾಗ ಕೆಸರಿನಲ್ಲಿ ಹುದುಗಿ ಬದುಕಬಲ್ಲದು. ತೇವವಾಗಿರುವವರೆಗೆ ನೀರಿನ ಹೊರಗೂ ಬಹಳ ಹೊತ್ತು ಜೀವ ಹಿಡಿದಿರುವುದರಿಂದ ಸಂತೆಗಳಲ್ಲಿ ಇದನ್ನು ಜೀವಂತವಾಗಿಯೇ ಮಾರುತ್ತಾರೆ.

ಸಂತಾನ ಪಾಲನೆ

ಮಳೆ ಆರಂಭವಾದೊಡನೆ ಕೊರವಗಳು ದಡದ ಆಳವಿಲ್ಲದ ನೀರಿನಲ್ಲಿ ಸಸ್ಯಗಳನ್ನು ಸರಿಸಿ ಗೂಡು ಮಾಡಿಕೊಳ್ಳುತ್ತವೆ. ತೇಲುವ ಮೊಟ್ಟೆಗಳು ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ಮರಿಗಳು ಗುಂಪಾಗಿ ನೀರಿನ ಮೇಲ್ಪದರದಲ್ಲಿ ಸಂಚರಿಸುವಾಗ ತಂದೆತಾಯಿ ಮೀನುಗಳು ಅವುಗಳ ಕೆಳಗೇ ಇದ್ದು ಕಾಯುತ್ತವೆ. ಮರಿಗಳ ಹತ್ತಿರ ಏನೇ ಬಂದರೂ ಮೇಲೆರಗುವುದು ಅವುಗಳ ಗುಣ. ಆದ್ದರಿಂದ ಆ ಸಮಯದಲ್ಲಿ ದೊಡ್ಡ ಕೊರವವನ್ನು ಗಾಳಕ್ಕೆ ಕೆಣಕಿ ಹಿಡಿಯುವುದು ಅತಿ ಸುಲಭ. ಆದರೆ ಹಾಗೆ ಹಿಡಿದ ಒಂದು ಮೀನಿನೊಡನೆ ಇಡೀ ಮರಿಗಳ ಗುಂಪು ಕಾವಲಿಲ್ಲದೆ ಬೇರೆ ಮೀನು ಮತ್ತು ಹಕ್ಕಿಗಳ ಪಾಲಾಗುತ್ತದೆ.

ಉತ್ತರ ಅಮೆರಿಕದ ನದಿಗಳ ಸ್ಮಾಲ್‌ಮೌತ್ ಬಾಸ್ ಮೀನಿನಲ್ಲಿಯೂ ಇಂತಹ ಗುಣವಿದೆ. ಅಲ್ಲಿ ಗಂಡು ಮೀನು ವಸಂತದಲ್ಲಿ ಗೂಡನ್ನು ಕಾಯುತ್ತದೆ. ಚಳಿಗಾಲಕ್ಕೆ ಮುನ್ನ ಅದು ಚೆನ್ನಾಗಿ ಮೇಯುವ ಶರತ್ಕಾಲವನ್ನು ಗಾಳಗಾರರು ಉತ್ತಮ ಕಾಲವೆಂದು ಎಣಿಸುತ್ತಾರೆ.

ಹಿಡಿಯುವ ವಿಧಾನ

ಮಳೆಗಾಲದ ಕೆಂಪು ಮಿಶ್ರಿತ ರಾಡಿ ನೀರು ತಿಳಿಯಾದಾಗ, ಹೊಲಗಳಿಗೆ ಹರಡಿದ್ದ ಮೀನುಗಳು ಹೊಳೆಯ ಮಡುಗಳಿಗೆ ಮರಳುತ್ತವೆ. ನೀರಿನ್ನೂ ಬೆಚ್ಚಗಿರುವುದರಿಂದ ಅವು ಚುರುಕಾಗಿ ಮೇಯುತ್ತವೆ. ಚಳಿ ಬಲಿತಂತೆ ಮೇವು ಕಡಿಮೆಯಾಗುತ್ತದೆ. ಬೆಳಗಿನ ಮತ್ತು ಸಂಜೆಯ ಹೊತ್ತು ಅನುಕೂಲಕರ. ಹರಿವು ನಿಧಾನವಾಗಿರುವ ಮಡುವಿನ ಅಂಚು, ಜೊಂಡು ಮತ್ತು ಮುಳುಗಿದ ಮರದ ಬೇರುಗಳ ಆಸರೆ ಕೊರವದ ನೆಲೆಗಳು. ಗಾಳಿಗಾಗಿ ಮೀನು ಮೇಲೆ ಬಂದಾಗ ಏಳುವ ಅಲೆಯ ಉಂಗುರವೇ ಅದರ ಸುಳಿವು.

ಬಿದಿರಿನ ಕೋಲು, ಗಟ್ಟಿ ದಾರ ಮತ್ತು ಎರೆಹುಳು ಅಥವಾ ಸಣ್ಣ ಮೀನಿನ ಎರೆ ಹಳೆಯ ಸಾಧನಗಳು. ಇಂದು ರೀಲ್ ಇರುವ ಕೋಲು ಮತ್ತು ಕಪ್ಪೆಯಾಕಾರದ ರಬ್ಬರ್ ಎರೆಯೂ ಬಳಕೆಯಲ್ಲಿವೆ. ಮೀನು ಕಂಡ ಜಾಗಕ್ಕಿಂತ ತುಸು ಆಚೆ ಎಸೆದು, ಸಸ್ಯಗಳ ಮೇಲಿಂದ ನಿಧಾನವಾಗಿ ಎಳೆದುಕೊಳ್ಳಬೇಕು. ಮೀನು ಎರಗಿದ ತಕ್ಷಣ ಜಗ್ಗದೆ, ಅದು ಎರೆಯನ್ನು ಬಾಯೊಳಗೆ ತೆಗೆದುಕೊಳ್ಳುವಷ್ಟು ಕ್ಷಣ ತಾಳಿ ಎಳೆಯುವುದು ರೂಢಿ. ಹಲ್ಲುಗಳು ಚೂಪಾಗಿರುವುದರಿಂದ ಗಾಳವನ್ನು ಬಿಡಿಸಲು ಇಕ್ಕಳ ಬೇಕು.

ಎಚ್ಚರಿಕೆ

ಚಿಮ್ಮನಚೋಡದ ಮೇಲ್ಭಾಗದಲ್ಲಿ ನಾಗರಾಳ ಬಳಿ ಕೆಳದಂಡೆ ಮುಲ್ಲಾಮಾರಿ ಯೋಜನೆಯ ಜಲಾಶಯವಿದೆ. ಅದರ ಗೇಟುಗಳನ್ನು ತೆರೆದಾಗ ನದಿಯ ಮಟ್ಟ ಹಠಾತ್ತನೆ ಏರುತ್ತದೆ. ಮುಂಗಾರು ಮುಗಿಯಿತೆಂದು ನಂಬುವಂತೆಯೂ ಇಲ್ಲ: 2020ರ ಅಕ್ಟೋಬರಿನಲ್ಲಿ ಭೀಮಾ ಕಣಿವೆಯಲ್ಲಿ ಭಾರೀ ಪ್ರವಾಹ ಬಂದಿತ್ತು.

ಕಾನೂನು ಮತ್ತು ಸಂರಕ್ಷಣೆ

ಸ್ಫೋಟಕ ಅಥವಾ ವಿಷ ಬಳಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ನಿಷೇಧಿಸಿದೆ. ರಾಜ್ಯದಲ್ಲಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮವೂ ಇದೆ. ಜಲಾಶಯಗಳಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಅಥವಾ ಗುತ್ತಿಗೆ ಅಗತ್ಯ. 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ನಿಯಮಗಳು ಅನ್ವಯಿಸುತ್ತವೆ.

ಕೊರವವು ಸದ್ಯ ಜಾಗತಿಕವಾಗಿ ಅಳಿವಿನಂಚಿನ ಮೀನಲ್ಲ. ಆದರೆ ಬೇಸಿಗೆಯಲ್ಲಿ ಮಡುಗಳಾಗಿ ಒಡೆಯುವ ಮುಲ್ಲಾಮಾರಿಯಂತಹ ಹೊಳೆಯಲ್ಲಿ ಮುಂದಿನ ವರ್ಷದ ಮೀನು ಉಳಿದ ಕೆಲವೇ ಜೋಡಿಗಳಿಂದ ಬರಬೇಕು. ಕೆಂಪು ಮರಿಗಳ ಗುಂಪು ಕಂಡಲ್ಲಿ ಗಾಳ ಹಾಕದಿರುವುದು, ಮಳೆಗಾಲದಲ್ಲಿ ಅಕಸ್ಮಾತ್ ಸಿಕ್ಕ ದೊಡ್ಡ ಮೀನನ್ನು ಅದೇ ಜಾಗದಲ್ಲಿ ಕೂಡಲೇ ಬಿಡುವುದು ಮತ್ತು ಶರತ್ಕಾಲದಲ್ಲಿಯೂ ಮರಿಮೀನುಗಳನ್ನು ನೀರಿಗೆ ಮರಳಿಸುವುದು ಈ ಮೀನುಗಾರಿಕೆ ಉಳಿಯಲು ಬೇಕಾದ ಸರಳ ಕ್ರಮಗಳು.